ದೀಪ ಹಚ್ಚುವ ಹೊತ್ತಿನ ಅಳು

ಸಂಜೆ ಆರೂವರೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ದೇವರ ಮುಂದೆ ಅಮ್ಮ ದೀಪ ಹಚ್ಚುತ್ತಿದ್ದಾರೆ. ಅಲ್ಲಿಯವರೆಗೆ ಚೆನ್ನಾಗಿದ್ದ ಐದು ವಾರದ ಕೂಸು ಇದ್ದಕ್ಕಿದ್ದಂತೆ ಮುಖ ಕಿವುಚಿಕೊಂಡು ಅಳಲು ಶುರು ಮಾಡುತ್ತದೆ. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆ. ಬಟ್ಟೆ ಒದ್ದೆಯಾಗಿಲ್ಲ. ಮೈ ಬಿಸಿ ಇಲ್ಲ. ಇರುವೆ ಕಚ್ಚಿದೆಯಾ ಅಂತ ಬಟ್ಟೆ ಬಿಚ್ಚಿ ನೋಡಿದ್ದೂ ಆಯಿತು. ಮುಖ ಕೆಂಪಾಗಿದೆ, ಮುಷ್ಟಿ ಬಿಗಿಯಾಗಿದೆ, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಿದೆ. ಒಂಬತ್ತೂವರೆಗೆ, ಏನೂ ಆಗೇ ಇಲ್ಲವೇನೋ ಎಂಬಂತೆ, ನಿದ್ದೆ.

ಮಾರನೇ ದಿನ ಮತ್ತೆ ಅದೇ ಹೊತ್ತು, ಅದೇ ಅಳು.

ನಮ್ಮ ಮನೆಯಲ್ಲಿ ಇದಕ್ಕೆ ಒಂದೊಂದು ಬಾಯಲ್ಲಿ ಒಂದೊಂದು ಕಾರಣ ಇತ್ತು. ಅಜ್ಜಿಗೆ ದೃಷ್ಟಿ. "ಮುಸ್ಸಂಜೆ ಹೊತ್ತಲ್ಲಿ ಕೂಸನ್ನ ಹೊಸಿಲು ದಾಟಿಸಬೇಡ ಅಂತ ಹೇಳಿರಲಿಲ್ವಾ?" ಅಂತ ಅವರ ತಕರಾರು. ಅಮ್ಮನಿಗೆ ವಾಯು. ನೋಡಲು ಬಂದ ಅತ್ತೆಗೆ ನನ್ನ ಹಾಲು ಸಾಲದು. ನನಗಂತೂ ನಾನು ತಿಂದ ಪ್ರತಿ ತುತ್ತಿನ ಮೇಲೂ ಅನುಮಾನ. ಮಕ್ಕಳ ಡಾಕ್ಟರು ಮಗುವನ್ನು ಅಡಿಯಿಂದ ಮುಡಿವರೆಗೆ ನೋಡಿ, ತೂಕ ಹಾಕಿ, ಒಂದೇ ಮಾತು ಹೇಳಿದರು: "ಕೋಲಿಕ್. ಅಳುವ ಹೊತ್ತು ಬರೆದಿಡಿ." ಹಾಲಿನ ಪ್ಯಾಕೆಟ್ ಲೆಕ್ಕ ಬರೆಯುವ ಕ್ಯಾಲೆಂಡರ್ ಅಡುಗೆಮನೆಯಲ್ಲೇ ನೇತಾಡುತ್ತಿತ್ತು. ಅದರ ಮೇಲೇ ಬರೆಯಲು ಶುರು ಮಾಡಿದೆವು. ಆರು ಗಂಟೆ ಅತ್ತಳು ಅಂತ ನಮಗೆ ಅನ್ನಿಸಿದ ದಿನ, ಕೂಡಿಸಿ ನೋಡಿದರೆ ಮೂರೂವರೆ ಗಂಟೆ. ಅದೇನು ಕಡಿಮೆಯಲ್ಲ. ಆದರೂ ಲೆಕ್ಕ ಕಣ್ಣೆದುರಿಗೆ ಬಂದಾಗ ಎದೆ ಸ್ವಲ್ಪ ಹಗುರವಾಯಿತು.

ಕೋಲಿಕ್ ಅನ್ನುವ ಮಾತು ದೊಡ್ಡ ಕರುಳಿಗಿರುವ ಗ್ರೀಕ್ ಹೆಸರಿನಿಂದ ಬಂದದ್ದು. ಹೆಸರೇ ಹೊಟ್ಟೆಯ ಕಡೆ ಬೆರಳು ತೋರಿಸುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿಂದ. ಯಾಕೆಂದರೆ ಕೋಲಿಕ್ ಎನ್ನುವುದು ಕರುಳಿನ ಕಾಯಿಲೆಯ ಹೆಸರಲ್ಲ. ಬೇರೆಲ್ಲ ರೀತಿಯಲ್ಲೂ ಆರೋಗ್ಯವಾಗಿರುವ, ತೂಕ ಏರುತ್ತಿರುವ ಪುಟ್ಟ ಮಗು ಕಾರಣ ಸಿಗದ ಹಾಗೆ, ಸಮಾಧಾನಕ್ಕೆ ಬಗ್ಗದ ಹಾಗೆ, ದಿನಗಟ್ಟಲೆ ಅಳುವುದಕ್ಕೆ ಇಟ್ಟ ಹೆಸರು. 1954ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಜೊತೆಗಾರರು ಇದಕ್ಕೊಂದು ಅಳತೆ ಕೊಟ್ಟರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರಕ್ಕೆ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ. ಇದಕ್ಕೆ ಮೂರರ ಸೂತ್ರ ಅಂತಲೇ ಹೆಸರಾಯಿತು. ಮೂರು ವಾರ ಕಾದು ಆಮೇಲೆ ಡಾಕ್ಟರ ಹತ್ತಿರ ಬನ್ನಿ ಎಂದು ಯಾವ ತಾಯಿಗೆ ಹೇಳುವುದು? ಹೊಟ್ಟೆ ಕರುಳಿನ ತೊಂದರೆಗಳನ್ನು ಗುರುತಿಸಲು ತಜ್ಞರು ಮಾಡಿಕೊಂಡಿರುವ ರೋಮ್ ಮಾನದಂಡ ಅಂತ ಇದೆ. 2016ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿ ಈ ಗಂಟೆಗಳ ಲೆಕ್ಕವನ್ನು ಚಿಕಿತ್ಸೆಗೆ ಬರುವ ಮಕ್ಕಳ ಮಟ್ಟಿಗೆ ಕೈಬಿಟ್ಟಿತು. ಅಳು ಐದು ತಿಂಗಳೊಳಗೆ ಶುರುವಾಗಿ ಐದು ತಿಂಗಳೊಳಗೇ ನಿಲ್ಲುವಂಥದ್ದು, ಮನೆಯವರು ಏನು ಮಾಡಿದರೂ ತಡೆಯಲಾಗದ್ದು, ಮತ್ತು ಮಗುವಿಗೆ ಜ್ವರವಾಗಲಿ ಬೇರೆ ಕಾಯಿಲೆಯಾಗಲಿ ಇಲ್ಲ, ಬೆಳವಣಿಗೆ ಕುಂಠಿತವಾಗಿಲ್ಲ. ಇಷ್ಟಿದ್ದರೆ ಸಾಕು. ಐದು ಮಕ್ಕಳಲ್ಲಿ ಹೆಚ್ಚು ಕಡಿಮೆ ಒಂದಕ್ಕೆ ಹೀಗಾಗುತ್ತದೆ ಅನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಎದೆಹಾಲಿನ ಮಗು, ಡಬ್ಬದ ಹಾಲಿನ ಮಗು ಅನ್ನುವ ಭೇದ ಇಲ್ಲ. ಹೆಣ್ಣು ಗಂಡು ಎಂಬ ಭೇದವೂ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ಮಾಮೂಲಿ ಮಗು ಎಷ್ಟು ಅಳುತ್ತದೆ ಅಂತ ಗೊತ್ತಿರಬೇಕು. 1962ರಲ್ಲಿ ಬೆರಿ ಬ್ರೆಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯರು 80 ಮಕ್ಕಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿದರು. ನಮ್ಮ ಹಾಲಿನ ಕ್ಯಾಲೆಂಡರಿನ ಹಾಗೆಯೇ. ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂ ಮುಕ್ಕಾಲು ಗಂಟೆ ಇದ್ದ ಅಳು ಆರನೇ ವಾರಕ್ಕೆ ಎರಡೂ ಮುಕ್ಕಾಲು ಗಂಟೆಗೆ ಏರಿ, ಆಮೇಲೆ ಇಳಿಯಿತು. ಜಾಸ್ತಿ ಅಳು ಸಂಜೆಯ ಹೊತ್ತಿಗೇ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ಲೆಕ್ಕದಲ್ಲೂ ಮೊದಲ ಆರು ವಾರ ದಿನಕ್ಕೆ ಸರಾಸರಿ 2 ಗಂಟೆಯ ಅಳು, ಹತ್ತರಿಂದ ಹನ್ನೆರಡನೇ ವಾರಕ್ಕೆ ಅದು ಒಂದು ಗಂಟೆ ಚಿಲ್ಲರೆಗೆ ಇಳಿಯುತ್ತದೆ. ಅಂದರೆ ಎಲ್ಲ ಮಕ್ಕಳೂ ಒಂದು ಗುಡ್ಡ ಹತ್ತಿ ಇಳಿಯುತ್ತಾರೆ. ಕೋಲಿಕ್ ಮಗುವಿನದು ಕೊಂಚ ಎತ್ತರದ ಗುಡ್ಡ, ಅಷ್ಟೇ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಈ ಆರು ವಾರವನ್ನು ಹುಟ್ಟಿದ ದಿನದಿಂದ ಎಣಿಸಬಾರದು, ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಕಿನಿಂದ ಎಣಿಸಬೇಕು. ಇದೊಂದು ಗುಟ್ಟೇ ಹೇಳುತ್ತದೆ: ಅಳುವಿನ ಗಡಿಯಾರ ಇರುವುದು ಹೊರಗಿನ ಹಾಲು ಗಾಳಿಯಲ್ಲಿ ಅಲ್ಲ, ಮಗುವಿನ ಮಿದುಳು ಮಾಗುವ ಲೆಕ್ಕದಲ್ಲಿ.

ಹೀಗಾಗಿ ಅಜ್ಜಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಮುಸ್ಸಂಜೆಗೇ ಅಳು ಬರುತ್ತದೆ ಅಂತ ಗಮನಿಸಿದ್ದು ಅವರೇ ಅಲ್ವಾ? ಗಮನಿಸಿದ್ದು ಸರಿ, ಹುಡುಕಿದ ಕಾರಣ ಬೇರೆ.

ನಮ್ಮಲ್ಲಿ ಈ ಗುಡ್ಡದ ತುದಿಗೆ ಸರಿಯಾಗಿ ಇನ್ನೊಂದು ಘಟನೆ ಬಂದು ನಿಲ್ಲುತ್ತದೆ. ಅದು ಒಂದೂವರೆ ತಿಂಗಳ ಚುಚ್ಚುಮದ್ದು. "ಇಂಜೆಕ್ಷನ್ ಹಾಕಿಸಿದ ಮೇಲೇ ಹೀಗಾಯ್ತು" ಅಂತ ಎಷ್ಟು ಮನೆಗಳಲ್ಲಿ ಕೇಳಿಲ್ಲ! ಚುಚ್ಚಿದ ದಿನ, ಮರುದಿನ ನೋವು, ಸಣ್ಣ ಜ್ವರ, ಕಿರಿಕಿರಿ ಇರುವುದು ನಿಜ. ಆದರೆ ವಾರಗಟ್ಟಲೆ ಸಂಜೆ ಸಂಜೆಗೆ ಬರುವ ಅಳು ಅದರದ್ದಲ್ಲ. ಅದು ಹೇಗೂ ಆ ಹೊತ್ತಿಗೆ ಬರುವುದೇ ಇತ್ತು. ಹಸುಗೂಸನ್ನು ನೋಡಲು ಆಶಾ ಕಾರ್ಯಕರ್ತೆ ಮನೆಗೆ ಬರುವ ಮೊದಲ ಸುತ್ತಿನ ಕೊನೆಯ ಭೇಟಿಯೂ 42ನೇ ದಿನ, ಅಂದರೆ ಆರು ವಾರಕ್ಕೇ. ತಾಯಿ ಕಾರ್ಡ್ ತೆಗೆದು ತೂಕ ಬರೆಸಲು, ಅಳುವಿನ ವಿಷಯ ಎತ್ತಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಸರಿ, ಹಾಗಾದರೆ ಹೊಟ್ಟೆ ನೋವಲ್ಲವಾ? ಕಾಲು ಮಡಚುತ್ತದೆ, ಗ್ಯಾಸ್ ಹೋಗುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ಸಾಕ್ಷಿಗಳು. ಆದರೆ ಪುಟ್ಟ ಮಕ್ಕಳು ಯಾವ ಕಾರಣಕ್ಕೆ ಜೋರಾಗಿ ಅತ್ತರೂ ಹೀಗೇ ಮಾಡುತ್ತಾರೆ. ಅಳುವಾಗ ಗಾಳಿ ನುಂಗುತ್ತಾರೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ನುಂಗಿದ ಗಾಳಿ ಹೊರಗೆ ಬರಲೇಬೇಕು. ಎಷ್ಟೋ ಸಲ ಗ್ಯಾಸಿನಿಂದ ಅಳು ಬಂದದ್ದಲ್ಲ, ಅಳುವಿನಿಂದ ಗ್ಯಾಸ್ ಬಂದದ್ದು. ಗ್ಯಾಸಿನ ಗುಳ್ಳೆ ಒಡೆಯುವ ಸಿಮೆಥಿಕೋನ್ ಎಂಬ ಔಷಧ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಟ್ಟೆ ಡ್ರಾಪ್ಸ್‌ಗಳಲ್ಲಿ ಹೆಚ್ಚಿನವು ಇದರದ್ದೇ. ಅದನ್ನು ಕೊಟ್ಟ ಮಕ್ಕಳನ್ನೂ, ಸುಮ್ನೆ ಬಣ್ಣದ ನೀರಿನಂಥದ್ದು ಕೊಟ್ಟ ಮಕ್ಕಳನ್ನೂ ಹೋಲಿಸಿ ನೋಡಿದಾಗ ಕೋಲಿಕ್‌ಗೆ ಹೆಚ್ಚಿನ ಉಪಯೋಗ ಕಾಣಲಿಲ್ಲ. ಅಪಾಯವೂ ಅಷ್ಟಾಗಿ ಇಲ್ಲ ಅನ್ನಿ.

ಕರುಳಿಗೂ ಇದಕ್ಕೂ ನಂಟೇ ಇಲ್ಲ ಅಂತಲೂ ಅಲ್ಲ. ಕೋಲಿಕ್ ಇರುವ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳ ಬೆರಕೆ ಸ್ವಲ್ಪ ಬೇರೆ ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿ ಎಂಬ ಒಂದು ಜಾತಿಯ ಬ್ಯಾಕ್ಟೀರಿಯಾದ ಹನಿಗಳು ಎದೆಹಾಲು ಕುಡಿಯುವ ಮಕ್ಕಳಲ್ಲಿ ಅಳುವಿನ ಹೊತ್ತನ್ನು ಸ್ವಲ್ಪ ಇಳಿಸಿದ್ದು ಅಧ್ಯಯನಗಳಲ್ಲಿ ಕಂಡಿದೆ. ಡಬ್ಬದ ಹಾಲಿನ ಮಕ್ಕಳಲ್ಲಿ ಅದು ಸಾಬೀತಾಗಿಲ್ಲ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರುತ್ತದೆ. ಅಂಥವರಿಗೆ ಅಳುವಿನ ಜೊತೆಗೆ ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಇಸುಬು, ವಾಂತಿ ಹೀಗೆ ಬೇರೆ ಸೂಚನೆಗಳೂ ಇರುತ್ತವೆ. ಆಗ ಡಾಕ್ಟರು ತಾಯಿಗೆ ಎರಡು ವಾರ ಹಾಲು, ಮೊಸರು, ತುಪ್ಪ ಬಿಟ್ಟು ನೋಡಿ ಅನ್ನಬಹುದು. ಆ ಸೂಚನೆಗಳು ಇಲ್ಲದಿದ್ದರೆ ಬಾಣಂತಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತಾ ಹೋಗುವುದು ಶುದ್ಧ ಹಿಂಸೆ. ಮೊದಲೇ ನಮ್ಮ ಬಾಣಂತನದಲ್ಲಿ ಬದನೆಕಾಯಿ ಬೇಡ, ಆಲೂಗಡ್ಡೆ ವಾಯು, ಬೇಳೆ ವಾಯು, ತಣ್ಣೀರು ಬೇಡ. ಇನ್ನು ಉಳಿಯುವುದು ಮೆಣಸಿನ ಸಾರು ಅನ್ನ.

ಮೈಗ್ರೇನ್ ತಲೆನೋವಿನ ನಂಟು ನನಗೆ ಎಲ್ಲಕ್ಕಿಂತ ಕುತೂಹಲದ್ದು. ತಾಯಿಗೆ ಮೈಗ್ರೇನ್ ಇದ್ದರೆ ಮಗುವಿಗೆ ಕೋಲಿಕ್ ಬರುವ ಸಾಧ್ಯತೆ ಎರಡು ಪಟ್ಟಿಗೂ ಜಾಸ್ತಿ ಅಂತ 2012ರ ಒಂದು ಅಮೆರಿಕದ ಅಧ್ಯಯನ ತೋರಿಸಿತು. ಹಾಗಾದರೆ ಇದು ಹೊಟ್ಟೆಯ ಕಥೆಗಿಂತ ನರಗಳ ಕಥೆಯೇ ಇರಬಹುದು. ಇಡೀ ದಿನದ ಬೆಳಕು, ಸದ್ದು, ಮಗು ನೋಡಲು ಬಂದವರ ಕೈಯಿಂದ ಕೈಗೆ ಹೋದ ದಣಿವು, ಎಲ್ಲ ಸೇರಿ ಸಂಜೆಗೆ ಆ ಪುಟ್ಟ ತಲೆಗೆ ತಡೆಯದೆ ಹೋಗುತ್ತದೆ. ಒಂದೇ ಕಾರಣ ಅಂತ ಯಾರೂ ಬೆರಳಿಟ್ಟು ತೋರಿಸಿಲ್ಲ.

ಕಾರಣ ಗೊತ್ತಿಲ್ಲದ ಕಡೆ ಔಷಧಿಗಳು ರಾಶಿ ಬೀಳುತ್ತವೆ. ಗ್ರೈಪ್ ವಾಟರ್‌ನ ಕಥೆಯನ್ನೇ ನೋಡಿ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಇದನ್ನು ತಯಾರಿಸಿದ್ದು. ಅಲ್ಲಿನ ಜೌಗು ಪ್ರದೇಶದ ಮಲೇರಿಯಾದಂಥ ಜ್ವರಕ್ಕೆ ಮಕ್ಕಳಿಗೆ ಕೊಡುತ್ತಿದ್ದ ಔಷಧ ಅದಕ್ಕೆ ಪ್ರೇರಣೆ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು, ಮತ್ತು ಆಲ್ಕೋಹಾಲ್. ಮಗು ಯಾಕೆ ಸುಮ್ಮನಾಗುತ್ತಿತ್ತು ಅಂತ ಬೇರೆ ಹೇಳಬೇಕಾ? ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಆದರೆ ಉಳಿದ ಸಿಹಿನೀರಿನಿಂದ ಕೋಲಿಕ್ ನಿಲ್ಲುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅನ್ನುವ ಮಾತಿಗೆ ಇದೂ ಸೇರುತ್ತದೆ.

ಇನ್ನು ಸಾಣೆಕಲ್ಲಿನ ಮದ್ದು. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ ಒಂದೊಂದನ್ನೂ ಇಷ್ಟಿಷ್ಟು ಸುತ್ತು ಅಂತ ತೇದು, ಎದೆಹಾಲಲ್ಲಿ ಕದಡಿ ನಾಲಿಗೆಗೆ ಸವರುವುದು. ಉತ್ತರ ಕರ್ನಾಟಕದ ಕಡೆ ಗುಟ್ಟಿ ಅನ್ನುತ್ತಾರೆ. ನಾನೂ ಅದನ್ನು ನೆಕ್ಕಿಯೇ ಬೆಳೆದವಳು, ಹಾಗಾಗಿ ಹಗುರವಾಗಿ ಮಾತಾಡಲು ಮನಸ್ಸಿಲ್ಲ. ಆದರೂ ನನ್ನ ಮಗಳಿಗೆ ಕೊಡಲಿಲ್ಲ. ಬಜೆಯಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರದಲ್ಲಿ ಬಳಸುವಂತಿಲ್ಲ. ಜಾಯಿಕಾಯಿ ಪ್ರಮಾಣ ಮೀರಿದರೆ ಮಂಪರು ತರಿಸುತ್ತದೆ. ನಾಲ್ಕು ಕಿಲೋ ತೂಕದ ಮಗುವಿಗೆ ಒಂದು ಸುತ್ತು ಹೆಚ್ಚು ಕಡಿಮೆ ಆದರೆ ಎಷ್ಟು ಹೋಯಿತು ಅಂತ ಯಾರು ಅಳೆಯುತ್ತಾರೆ? ಕಲ್ಲು ಎಷ್ಟು ಸ್ವಚ್ಛ ಅನ್ನುವುದು ಇನ್ನೊಂದು ಪ್ರಶ್ನೆ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ಮುಟ್ಟಿಸಬೇಡಿ, ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಬರಬಹುದು. ಇಂಗನ್ನು ಹೊಕ್ಕುಳ ಸುತ್ತ ಹಚ್ಚುವ ವಿಷಯಕ್ಕೆ ಅಮ್ಮನ ಜೊತೆ ನಾನು ಜಗಳ ಆಡಲಿಲ್ಲ. ಆದರೆ ಹೊಟ್ಟೆಗೆ ಕೊಡಲು ಬಿಡಲಿಲ್ಲ, ಇಂಗು ಹೊಟ್ಟೆಗೆ ಹೋಗಿ ಎಳೆ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರಲಾಗದೆ ಹೋದ ಉದಾಹರಣೆ ಇದೆ. ಸಾಂಬ್ರಾಣಿ ಹೊಗೆ, ಕರ್ಪೂರದ ಎಣ್ಣೆ ಕೂಡ ಬೇಡ. ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕರ್ಪೂರದಿಂದ ಮಕ್ಕಳಿಗೆ ಫಿಟ್ಸ್ ಬಂದದ್ದಿದೆ.

ಒಂದು ಔಷಧಿಯ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳಿ: ಡೈಸೈಕ್ಲೋಮಿನ್. ಹೊಟ್ಟೆ ನೋವಿನ ಡ್ರಾಪ್ಸ್ ಅಂತ ಚೀಟಿ ಇಲ್ಲದೆ ತರುವ ಬಾಟಲಿಗಳಲ್ಲಿ ಇದು ಇರಬಹುದು. ಆರು ತಿಂಗಳೊಳಗಿನ ಮಗುವಿಗೆ ಇದನ್ನು ಕೊಡಲೇಬಾರದು. ಉಸಿರಾಟವೇ ನಿಂತ ಪ್ರಕರಣಗಳಿವೆ. ಲೇಬಲ್ ಓದದೆ ಯಾವ ಡ್ರಾಪ್ಸನ್ನೂ ಹಾಕಬೇಡಿ.

ಹಾಗಿದ್ದರೆ ಇಷ್ಟೆಲ್ಲ ಮದ್ದು "ಕೆಲಸ ಮಾಡಿತು" ಅಂತ ಎಲ್ಲರೂ ಆಣೆ ಮಾಡಿ ಹೇಳುವುದು ಯಾಕೆ? ಗುಡ್ಡವನ್ನು ಮತ್ತೆ ನೆನಪಿಸಿಕೊಳ್ಳಿ. ಏಳನೇ ವಾರದಲ್ಲಿ ಒಂದು, ಎಂಟನೇ ವಾರದಲ್ಲಿ ಇನ್ನೊಂದು, ಒಂಬತ್ತರಲ್ಲಿ ಮತ್ತೊಂದು ಅಂತ ಪ್ರಯೋಗ ನಡೆಯುತ್ತದೆ. ಅಳು ತಾನಾಗಿ ಇಳಿಯುವ ವಾರ ಯಾವುದು ಕೈಯಲ್ಲಿತ್ತೋ ಹೆಸರು ಅದಕ್ಕೆ.

ಈಗ ಸಮಾಧಾನ ಮಾಡುವ ವಿಷಯಕ್ಕೆ ಬರೋಣ. ಅಳುವನ್ನು ನಿಲ್ಲಿಸಲೇಬೇಕು ಅಂತ ಹಟ ಹಿಡಿದರೆ ನೀವು ಸೋಲುತ್ತೀರಿ. ಸ್ವಲ್ಪ ಇಳಿಸಬಹುದು. ಮಗುವಿಗೆ ಜೊತೆ ಇರಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನಡಿಗೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೊಡಾ ಮತ್ತು ತಂಡ 2022ರಲ್ಲಿ 21 ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದಾಗ ಅಳು ನಿಂತಿತು, ಅರ್ಧದಷ್ಟು ಮಕ್ಕಳು ನಿದ್ದೆಯನ್ನೇ ಮಾಡಿದರು. ಸುಮ್ನೆ ಎತ್ತಿಕೊಂಡು ಕೂತರೆ ಹಾಗಾಗಲಿಲ್ಲ. ಇನ್ನೂ ಮಜಾ ಇರುವುದು ಆಮೇಲೆ. ಮಲಗಿದ ತಕ್ಷಣ ಹಾಸಿಗೆಗೆ ಇಳಿಸಿದರೆ ಎಚ್ಚರ. ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತು, ಆಮೇಲೆ ಇಳಿಸಿದರೆ ನಿದ್ದೆ ಮುಂದುವರಿಯುವ ಸಾಧ್ಯತೆ ಜಾಸ್ತಿ. ನಾವು ಹಜಾರದಿಂದ ಹಿತ್ತಿಲ ಬಾಗಿಲಿಗೆ, ಹಿತ್ತಿಲ ಬಾಗಿಲಿಂದ ಹಜಾರಕ್ಕೆ ನಡೆದ ದೂರ ಕೂಡಿಸಿದರೆ ಧರ್ಮಸ್ಥಳಕ್ಕೆ ಪಾದಯಾತ್ರೆ ಆಗಿರುತ್ತಿತ್ತು.

ಎತ್ತಿಕೊಂಡರೆ ಕೈ ಚಾಳಿ ಆಗುತ್ತದೆ ಅನ್ನುವ ಮಾತಿಗೆ ಈ ವಯಸ್ಸಿನಲ್ಲಿ ಕಿವಿಗೊಡಬೇಡಿ. ಆಫ್ರಿಕಾದ ಕಲಹರಿ ಮರುಭೂಮಿಯ ಕುಂಗ್ ಸಾನ್ ಬುಡಕಟ್ಟಿನ ತಾಯಂದಿರು ಮಗುವನ್ನು ಇಡೀ ದಿನ ಮೈಗೆ ಕಟ್ಟಿಕೊಂಡಿರುತ್ತಿದ್ದರು, ಗಂಟೆಗೆ ಹಲವು ಸಲ ಹಾಲೂಡಿಸುತ್ತಿದ್ದರು. ಅಲ್ಲಿಯ ಮಕ್ಕಳಲ್ಲೂ ಅಳು ಮೊದಲ ತಿಂಗಳುಗಳಲ್ಲಿ ಏರಿ ಇಳಿಯುವುದು ತಪ್ಪಲಿಲ್ಲ. ಆದರೆ ಒಂದೊಂದು ಸಲದ ಅಳು ಗಿಡ್ಡದಾಗಿತ್ತು ಎಂದು ಕೆನಡಾದ ರೊನಾಲ್ಡ್ ಬಾರ್ ಮತ್ತು ಜೊತೆಗಾರರು ಕಂಡರು. ಅದೇ ಬಾರ್ ಅವರ ತಂಡ, ಆಗಲೇ ಕೋಲಿಕ್ ಶುರುವಾದ ಮಕ್ಕಳನ್ನು ಜಾಸ್ತಿ ಹೊತ್ತು ಎತ್ತಿಕೊಳ್ಳುವುದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ ಅಂತಲೂ ಹೇಳಿದೆ. ಅಂದರೆ ಎತ್ತಿಕೊಂಡರೂ ಅತ್ತರೆ ನೀವು ಎತ್ತಿಕೊಂಡ ರೀತಿ ತಪ್ಪಲ್ಲ.

ಉಳಿದವು ಸಣ್ಣಪುಟ್ಟವು. ಸಂಜೆ ಟಿವಿ ಆರಿಸಿ, ದೀಪ ಮಂದ ಮಾಡಿ, ನೋಡಲು ಬರುವವರಿಗೆ ಬೆಳಿಗ್ಗೆ ಬನ್ನಿ ಅನ್ನಿ. ಎದೆಗೆ ಒರಗಿಸಿಕೊಂಡು ಬಾಯಲ್ಲಿ ಉದ್ದಕ್ಕೆ "ಶ್" ಅನ್ನಿ. ಫ್ಯಾನಿನ ಸದ್ದು, ನಲ್ಲಿ ನೀರಿನ ಸದ್ದು ಕೆಲವು ಮಕ್ಕಳಿಗೆ ಹಿತ. ಮೊಬೈಲಿನಲ್ಲಿ ಸದ್ದು ಹಾಕಿದರೆ ದೂರ ಇಡಿ, ಸಣ್ಣದಾಗಿ ಇಡಿ. ಹಾಲಾದ ಮೇಲೆ ಹೆಗಲಿಗೆ ಹಾಕಿ ತೇಗಿಸಿ. ಬಾಟಲಿ ಆದರೆ ಮಗುವನ್ನು ಕೊಂಚ ಎತ್ತರಕ್ಕೆ ಹಿಡಿದು, ತೊಟ್ಟಿನ ತುಂಬ ಹಾಲು ಇರುವ ಹಾಗೆ ಕುಡಿಸಿ. ಉಗುರುಬೆಚ್ಚಗಿನ ನೀರಿನ ಸ್ನಾನ, ಹೊಟ್ಟೆಯ ಮೇಲೆ ಬೆಚ್ಚಗಿನ ಅಂಗೈಯಿಂದ ಹಗುರಾಗಿ ಸುತ್ತು ಸವರುವುದು, ಸೈಕಲ್ ತುಳಿಸಿದ ಹಾಗೆ ಕಾಲಾಡಿಸುವುದು ಮಾಡಬಹುದು. ಎರೆಯುವ ಅಜ್ಜಿ ಜೋರಾಗಿ ತಿಕ್ಕುತ್ತಿದ್ದರೆ ನಿಧಾನ ಅಂತ ಹೇಳಲು ಸಂಕೋಚ ಬೇಡ. ಸೀರೆ ಜೋಲಿ ಒಳ್ಳೆಯದೇ, ಆದರೆ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗದಂತೆ ನೋಡುತ್ತಾ ಇರಬೇಕು. ಹೊಟ್ಟೆ ಅಡಿ ಮಾಡಿ ನಿಮ್ಮ ಮುಂದೋಳಿನ ಮೇಲೆ ಮಲಗಿಸಿಕೊಳ್ಳಬಹುದು, ಹಾಸಿಗೆಯ ಮೇಲೆ ಮಾತ್ರ ಯಾವಾಗಲೂ ಅಂಗಾತ. ಮನೆಯಲ್ಲಿ ಬೀಡಿ ಸಿಗರೇಟು ಬೇಡವೇ ಬೇಡ.

ಹಾಲು ಸಾಲದು ಅನ್ನುವ ಮಾತಿಗೆ ಉತ್ತರ ತಕ್ಕಡಿಯಲ್ಲಿದೆ. ಮೊದಲ ಎರಡು ವಾರ ಕಳೆದ ಮೇಲೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ತೂಕ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ. ಅತ್ತಿತು ಅಂತ ಡಬ್ಬದ ಹಾಲು ಸೇರಿಸುತ್ತಾ ಹೋದರೆ, ಮಗು ಎದೆ ಚೀಪುವುದು ಕಡಿಮೆಯಾಗಿ, ಇದ್ದ ಹಾಲೂ ಇಳಿಯುತ್ತದೆ. ಆಮೇಲೆ "ನೋಡು, ನಾನು ಹೇಳಿದ್ನಲ್ಲ" ಅನ್ನುವವರಿಗೆ ಗೆಲುವು.

ಕೋಲಿಕ್ ಅಂದುಕೊಂಡು ಕಾಯಬಾರದ ಸಂದರ್ಭಗಳಿವೆ. ಇದನ್ನು ಮನೆಯಲ್ಲಿ ಎಲ್ಲರೂ ಓದಲಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ಹೊತ್ತಿಗೆ ಆಸ್ಪತ್ರೆ. ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಹಾಲು ಕುಡಿಯಲು ಒಲ್ಲೆ ಅನ್ನುವುದು, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಉಸಿರಿಗೆ ಕಷ್ಟ, ನೀವು ಹಿಂದೆಂದೂ ಕೇಳದಂಥ ಕೀರಲು ಅಥವಾ ನರಳುವ ದನಿ: ಯಾವುದಿದ್ದರೂ ಹಾಗೇ. ಬಟ್ಟೆ ಪೂರ್ತಿ ಬಿಚ್ಚಿ ತೊಡೆಸಂದಿನಲ್ಲಿ ಗಡ್ಡೆಯಂಥ ಊತ ಇದೆಯಾ ನೋಡಿ, ಅದು ಹರ್ನಿಯಾ ಇರಬಹುದು. ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಬಾಣಂತಿಯ ಉದುರಿದ ಕೂದಲು ಬೆರಳಿಗೆ ಸುತ್ತಿಕೊಂಡು ಬಿಗಿದಿರುವುದುಂಟು. ಚಿಕ್ಕ ವಿಷಯ, ದೊಡ್ಡ ನೋವು. ನಾಲ್ಕೈದು ತಿಂಗಳು ದಾಟಿದ ಮೇಲೆ ಹೊಸದಾಗಿ ಇಂಥ ಅಳು ಶುರುವಾದರೆ ಅದಕ್ಕೆ ಕೋಲಿಕ್ ಹೆಸರು ಕೊಡಬೇಡಿ.

ಮತ್ತೆ ತಾಯಿ. ಮೂರು ಗಂಟೆ ಕಿವಿಯ ಹತ್ತಿರ ಆ ಅಳು ಕೇಳಿದ ಯಾರಿಗಾದರೂ ಒಂದು ಕ್ಷಣ ಮಗುವಿನ ಮೇಲೇ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಬಂತು ಅನ್ನುವುದಕ್ಕಿಂತ, ಬಂದಾಗ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಮಗುವನ್ನು ತೊಟ್ಟಿಲಲ್ಲೋ ಚಾಪೆಯ ಮೇಲೋ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಹೊರಗೆ ಹೋಗಿ ನೀರು ಕುಡಿಯಿರಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಆಗುತ್ತದೆ. ಎಳೆ ಕುತ್ತಿಗೆಗೆ ತಲೆಯನ್ನು ತಡೆಯುವ ಶಕ್ತಿ ಇಲ್ಲ, ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು. ಇದನ್ನು ಅಪ್ಪನಿಗೂ, ಮಗು ನೋಡಿಕೊಳ್ಳಲು ಬರುವವರಿಗೂ ಬಾಯಿಬಿಟ್ಟು ಹೇಳಬೇಕು. ಸಂಜೆಯ ಪಾಳಿ ಹಂಚಿಕೊಳ್ಳಬೇಕು. ಬಾಣಂತನ ಹೆಂಗಸರ ವಿಷಯ ಅಂತ ಗಂಡ ವಾರಕ್ಕೊಮ್ಮೆ ಬಂದು ಹೋಗುವ ಮನೆಗಳಲ್ಲಿ ಇದು ಕಷ್ಟ, ಗೊತ್ತು. ಆದರೂ ಬಂದ ದಿನ ಸಂಜೆ ಆರೂವರೆಗೆ ಕೂಸು ಅವರ ಹೆಗಲಿಗೆ ಹೋಗಲಿ.

ಹೆರಿಗೆಯಾಗಿ ಎರಡು ವಾರ ಕಳೆದರೂ ನಿಮಗೇ ಅಳು ಬರುವುದು, ಮಗು ಮಲಗಿದರೂ ನಿದ್ದೆ ಹತ್ತದಿರುವುದು, ಇದ್ದು ಏನು ಪ್ರಯೋಜನ ಅನ್ನಿಸುವುದು ಇದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುವ ವಾರ್ಡ್ ಇದೆ.

ಆ ಕ್ಯಾಲೆಂಡರನ್ನು ನಾನು ಎಸೆದಿಲ್ಲ. ಆರನೇ ವಾರದ ಚೌಕಗಳಲ್ಲಿ ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆದಿದೆ. ಎಂಟನೇ ವಾರದಲ್ಲಿ ಎರಡು ಗಂಟೆ, ಒಂದೂವರೆ ಗಂಟೆ. ಹತ್ತನೇ ವಾರದಲ್ಲಿ ನಡುನಡುವೆ ಖಾಲಿ. ಹನ್ನೊಂದನೇ ವಾರದ ಮಂಗಳವಾರ, ನಲವತ್ತು ನಿಮಿಷ. ಅದು ಕೊನೆಯದು. ಅಂದಿನಿಂದ ಅಳು ನಿಂತಿತಾ, ಬರೆಯುವುದು ಮರೆತೆವಾ, ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮುಂದಿನ ಚೌಕದಲ್ಲಿ ಅಮ್ಮನ ಅಕ್ಷರ: ಹಾಲು ಎರಡು, ಮೊಸರು ಒಂದು.